ಗೋಡೆ ದಾಟಿದ ಸದ್ದು

ನಮ್ಮ ಮನೆಯ ವೈಫೈ ಅಡುಗೆಮನೆಯನ್ನು ತಲುಪುವುದಿಲ್ಲ. ನಡುವೆ ದೇವರ ಕೋಣೆಯ ದಪ್ಪ ಗೋಡೆ, ಅದರಾಚೆ ಒಂದು ಕಬ್ಬಿಣದ ಬೀರು. ಒಗ್ಗರಣೆ ಹಾಕುತ್ತಾ ಯೂಟ್ಯೂಬ್ ನೋಡಬೇಕೆಂಬ ನನ್ನ ಹೆಂಡತಿಯ ಆಸೆ ಅಲ್ಲೇ ನಿಂತುಹೋಗುತ್ತದೆ. ಹತ್ತು ಹೆಜ್ಜೆ ನಡೆಯಲಾಗದ ಈ ಸಿಗ್ನಲ್ಲನ್ನು ಹೊರಗೆ ಯಾರು ಕದ್ದು ಕೇಳಿಯಾರು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಸಿಗ್ನಲ್ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನಮ್ಮ ಮೊಬೈಲಿನ ಕಡ್ಡಿಗಳು ಹೇಳುವುದಿಲ್ಲ. ಮೊಬೈಲಿಗೆ ಎಲ್ಲಿಯವರೆಗೆ ಕೇಳಿಸುತ್ತದೆ ಎಂದಷ್ಟೇ ಹೇಳುತ್ತವೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಅಲೆಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಆ ಉಳಿಕೆಯನ್ನು ಹಿಡಿಯಲು ದೊಡ್ಡ ಕಿವಿ ಬೇಕು, ಅಷ್ಟೆ. 2007ರಲ್ಲಿ ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೋಲಿ ಎಂಬ ಮೇಷ್ಟ್ರು ಎರಡು ಬೆಟ್ಟಗಳ ಮೇಲೆ ದೊಡ್ಡ ಡಿಶ್ ಆಂಟೆನಾಗಳನ್ನು ಎದುರುಬದುರು ನಿಲ್ಲಿಸಿ, ಮನೆಯಲ್ಲಿ ಬಳಸುವಂಥ ರೌಟರುಗಳಿಂದಲೇ 382 ಕಿಲೋಮೀಟರ್ ದೂರದ ವೈಫೈ ಸಂಪರ್ಕ ಸಾಧಿಸಿದರು. ನಡುವೆ ಗೋಡೆಯಿಲ್ಲ, ಮರವಿಲ್ಲ, ಎರಡು ತುದಿಯಲ್ಲೂ ಆಂಟೆನಾ ಇತ್ತು, ನಿಜ. ನಮ್ಮ ಬೀದಿಯಲ್ಲಿ ಅದು ಆಗುವ ಮಾತಲ್ಲ. ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿನ ಒಂದು ಸಣ್ಣ ವಿವರ. ವೈಫೈಯಲ್ಲಿ ಮಾತು ತಲುಪಿತೆಂದು ಆಚೆಯವರು ಪ್ರತಿ ಸಲವೂ 'ಹೂಂ' ಅನ್ನಬೇಕು. ದೂರ ಹೆಚ್ಚಾದಂತೆ ಆ ಹೂಂಗುಟ್ಟುವಿಕೆ ತಡವಾಗಿ ಬಂದು ಸಂಪರ್ಕ ಕೆಡುತ್ತದೆ. ಅವರು ಬಹಳ ಹೆಣಗಿದ್ದು ಆ ಕಾಯುವ ಸಮಯವನ್ನು ಹೊಂದಿಸುವುದಕ್ಕೆ. ಕದ್ದು ಕೇಳುವವನಿಗೆ ಈ ಕಷ್ಟವೂ ಇಲ್ಲ. ಅವನು ಹೂಂಗುಟ್ಟಬೇಕಾಗಿಲ್ಲ. ಸುಮ್ಮನೆ ಕೇಳುವವನ ಗುರುತು ಯಾವ ರೌಟರಿನಲ್ಲೂ ಉಳಿಯುವುದಿಲ್ಲ.

ಇದು ವೈಫೈಯೊಂದಿಗೆ ಹುಟ್ಟಿದ ಪೀಡೆಯೇನಲ್ಲ. ತನ್ನ ತಂತಿಯಿಲ್ಲದ ಟೆಲಿಗ್ರಾಫನ್ನು ಬೇರೆಯವರು ಕದ್ದು ಕೇಳಲಾರರೆಂದು ಮಾರ್ಕೋನಿ ಹೇಳಿಕೊಳ್ಳುತ್ತಿದ್ದ ಕಾಲದಲ್ಲೇ ನೆವಿಲ್ ಮಾಸ್ಕಲೀನ್ ಎಂಬ ಇಂಗ್ಲಿಷ್ ಜಾದೂಗಾರ ಕಾರ್ನ್‌ವಾಲ್ ಕರಾವಳಿಯಲ್ಲಿ ಒಂದು ಎತ್ತರದ ಕಂಬ ನೆಟ್ಟು ಆ ಸಂದೇಶಗಳನ್ನು ಆರಾಮವಾಗಿ ಕೇಳಿಸಿಕೊಂಡಿದ್ದ. ಅವನಿಗೆ ಅದೂ ಸಾಲಲಿಲ್ಲ. 1903ರ ಜೂನಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫ್ಲೆಮಿಂಗ್ ಸಾಹೇಬರು ಪ್ರಾತ್ಯಕ್ಷಿಕೆಗೆ ಸಿದ್ಧರಾಗಿದ್ದರು. ದೂರದ ಮಾರ್ಕೋನಿಯ ಸಂದೇಶ ಬರುವ ಮೊದಲೇ ಯಂತ್ರ ಟಕಟಕನೆ 'ಇಲಿಗಳು, ಇಲಿಗಳು' ಎಂದು ಮತ್ತೆ ಮತ್ತೆ ಬಡಿಯತೊಡಗಿತು. ಹಿಂದೆಯೇ ಮಾರ್ಕೋನಿಯನ್ನು ಗೇಲಿ ಮಾಡುವ ಒಂದು ಪದ್ಯ. ಫ್ಲೆಮಿಂಗ್ ಸಿಟ್ಟಿನಿಂದ ಪತ್ರಿಕೆಗೆ ಬರೆದರು. ಮಾಡಿದ್ದು ನಾನೇ ಎಂದು ಮಾಸ್ಕಲೀನ್ ಕೂಡ ಬರೆದ. ಎಷ್ಟು ಸಲ ಓದಿದರೂ ನನಗೆ ಈ ಜಾದೂಗಾರನ ಮೇಲೆಯೇ ಪ್ರೀತಿ.

2020ರ ಕೊನೆಯಲ್ಲಿ ಪಕ್ಕದ ಮನೆಯ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ಪಿಯುಸಿ, ಆನ್‌ಲೈನ್ ಪಾಠ. ತಂದೆ ಸಾರಿಗೆ ಬಸ್ಸಿನ ಕಂಡಕ್ಟರ್. ಇದ್ದ ಒಂದೇ ಮೊಬೈಲಿನ ಡೇಟಾ ಮಧ್ಯಾಹ್ನದೊಳಗೆ ಖಾಲಿ. ನಮ್ಮ ಅಡುಗೆಮನೆಗೆ ಬಾರದ ವೈಫೈ ಅವರ ಜಗಲಿಯಲ್ಲಿ ಎರಡು ಕಡ್ಡಿ ತೋರಿಸುತ್ತಿತ್ತು! "ಅಂಕಲ್, ಕ್ಲಾಸಿಗೆ ಮಾತ್ರ" ಎಂದಳು.

ತಕ್ಷಣ ಹೂಂ ಅನ್ನಲು ನಾಲಿಗೆ ಏಳಲಿಲ್ಲ. 2008ರ ಜುಲೈ ನೆನಪಾಯಿತು. ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಟಿವಿ ಚಾನೆಲ್ಲುಗಳಿಗೆ ಬಂದ ಇಮೇಲಿನ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಒಂದು ಫ್ಲ್ಯಾಟಿಗೆ. ಅಲ್ಲಿದ್ದ ಅಮೆರಿಕದ ಪ್ರಜೆಗೂ ಸ್ಫೋಟಕ್ಕೂ ಸಂಬಂಧವಿರಲಿಲ್ಲ. ಅವರ ವೈಫೈ ತೆರೆದಿತ್ತು, ಬೇರೆ ಯಾರೋ ಬಳಸಿದ್ದರು. ಇನ್ನೊಂದು ಅಂಜಿಕೆಯೂ ಇತ್ತು. ಮನೆಗಳಲ್ಲಿ ಸಾಮಾನ್ಯವಾಗಿರುವ ಡಬ್ಲ್ಯುಪಿಎ2 ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಗೊತ್ತಿದ್ದವರು, ನಮ್ಮ ಮೊಬೈಲ್ ರೌಟರಿಗೆ ಕೈಕುಲುಕುವ ಆ ಗಳಿಗೆಯನ್ನೂ ಹಿಡಿದುಕೊಂಡರೆ, ಮುಂದಿನ ಮಾತುಕತೆಯ ಬೀಗ ತೆಗೆಯಬಲ್ಲರು. ಬ್ಯಾಂಕಿನಂಥ ತಾಣಗಳಿಗೆ ಒಳಗೆ ಇನ್ನೊಂದು ಬೀಗವಿರುತ್ತದೆ, ಆದರೂ ಯಾವ ತಾಣಕ್ಕೆ ಹೋದೆವೆಂಬುದು ಬಹುತೇಕ ತಿಳಿಯುತ್ತದೆ. ಆ ಹುಡುಗಿ ಇದನ್ನೆಲ್ಲ ಮಾಡುವಳೆಂದಲ್ಲ. ಅವರ ಮನೆಯಲ್ಲಿ ಗ್ಯಾಸಿನ ಬುಕಿಂಗ್ ನಂಬರ್ ಬರೆದಿರುವ ಕ್ಯಾಲೆಂಡರಿನ ಮೇಲೆ ನಮ್ಮ ಪಾಸ್‌ವರ್ಡೂ ಏರುತ್ತದೆ, ಬಂದವರೆಲ್ಲ ಓದುತ್ತಾರೆ. ಅದು ಖಂಡಿತ.

ಇಲ್ಲವೆಂದು ಹೇಳುವುದೂ ಆಗದು. ಅವರ ಮನೆಯಿಂದ ಎಷ್ಟು ಸಲ ಹೆಪ್ಪಿಗೆ ಮೊಸರು ತಂದಿಲ್ಲ! ರೌಟರಿನಲ್ಲಿ 'ಗೆಸ್ಟ್' ಎಂಬ ಬೇರೆ ಜಾಲ ಎಬ್ಬಿಸಿ, ಅದಕ್ಕೆ ಬೇರೆ ಪಾಸ್‌ವರ್ಡ್ ಕೊಟ್ಟೆ. ಐದು ನಿಮಿಷದ ಕೆಲಸ. ಕ್ಯಾಲೆಂಡರಿನ ಮೇಲೆ ಅದು ಏರಿದ್ದನ್ನು ಮುಂದಿನ ವಾರವೇ ನೋಡಿದೆ.

ಒಂದು ದಿನ ವೇಗ ಕಡಿಮೆಯೆನಿಸಿ ರೌಟರಿನ ಪುಟ ತೆರೆದೆ. ಯಾವ ಮೊಬೈಲ್ ಎಷ್ಟು ಹೊತ್ತಿಗೆ ಸೇರಿಕೊಂಡಿತೆಂಬ ಪಟ್ಟಿ ಅಲ್ಲಿತ್ತು. ಕಂಡಕ್ಟರ್ ಸೋಮವಾರ ರಾತ್ರಿ 11.40ಕ್ಕೆ ಮನೆಗೆ ಬಂದಿದ್ದರು, ಮಂಗಳವಾರ 10.15ಕ್ಕೆ, ಬುಧವಾರ ಬಂದೇ ಇರಲಿಲ್ಲ. ಯಾರು ಯಾರನ್ನು ಕದ್ದು ಕೇಳಿಯಾರೆಂದು ನಾನು ಲೆಕ್ಕ ಹಾಕಿದ್ದೆನೋ ಅದು ತಲೆಕೆಳಗಾಗಿತ್ತು. ಹಾಲಿನ ಬೂತಿನ ಹತ್ತಿರ ಸಿಕ್ಕಾಗ ಅವರಿಗೆ ಹೇಳಿಬಿಟ್ಟೆ: ಹೀಗ್ಹೀಗೆ, ನೀವು ಬಂದ ಹೊತ್ತು ನನಗೆ ಕಾಣುತ್ತದೆ, ಬೇಡವೆಂದರೆ ಆ ಪಟ್ಟಿ ಬರದ ಹಾಗೆ ಮಾಡುತ್ತೇನೆ.

ಅವರು ಹಾಲಿನ ಪ್ಯಾಕೆಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡರು. "ಇರಲಿ ಬಿಡಿ ಸಾರ್. ಲಾಸ್ಟ್ ಟ್ರಿಪ್ಪಿನಲ್ಲಿ ಬರೋನು ನಾನು. ಮನೆ ಸೇರಿದೆ ಅಂತ ಇನ್ನೊಬ್ಬರಿಗೆ ಗೊತ್ತಿದ್ದರೆ ಒಳ್ಳೇದೇ ಅಲ್ವಾ?"