ಕೊನೇ ನುಡಿ ಬರೂತನಕ ಕೇಳ್ರಿ

1/5

"ಹೊಸಾ ಹಾಡುಗಾರರನ್ನ ಎಲ್ಲಿಂದ ಹುಡುಕಿ ತರ್ತೀಯವಾ?" ಅಂತ ಡಿಎಂ ಒಳಗ ಭಾಳ ಮಂದಿ ಕೇಳ್ತೀರಿ. ಹೋದ ಕಂತಿನ್ಯಾಗ ಬೆಂಗಳೂರಿನ ಬ್ಯಾಂಡ್‌ಗಳ ಬಗ್ಗೆ ಬರೆದಾಗ ಒಬ್ಬರು ಸರಿಯಾಗಿ ಚುಚ್ಚಿದ್ರು: "ಇಂಡಿಪೆಂಡೆಂಟ್ ಅಂದ್ರ ಬರೇ ಗಿಟಾರ್ ಹಿಡಿದವ್ರೇನು? ನಮ್ಮ ಕಡೀವ್ರು ಲೆಕ್ಕಕ್ಕ ಇಲ್ಲೇನು?"

ಲೆಕ್ಕದ ಮಾತ ಬಂತಲ್ಲ, ಬಿಕಾಂ ಹುಡುಗಿ ಹಂಗ ಉತ್ತರ ಕೊಡ್ತೀನಿ. ಸಿನಿಮಾ ಹಾಡಿಗೆ ರೊಕ್ಕ ಹಾಕೋರು ನಿರ್ಮಾಪಕರು, ಕೊಳ್ಳೋದು ಆಡಿಯೋ ಕಂಪನಿ. ಹಾಡು ಬೀಳ್ಲಿ ಏಳ್ಲಿ, ಹಾಡಿದವರಿಗೆ ಅವತ್ತಿನ ಪಗಾರ. ತಮ್ಮ ಕಿಸೆದಿಂದ ಹಾಕಿ, ಲಾಭ ಲುಕ್ಸಾನ ತಾವೇ ಹೊತ್ತುಕೊಂಡು ಹಾಡು ಮಾಡೋರು ಇಂಡಿಪೆಂಡೆಂಟ್. ಈ ಅರ್ಥದಾಗ ನೋಡಿದ್ರ ರಾಯಬಾಗ, ಗೋಕಾಕ, ಅಥಣಿ, ಮುಧೋಳ, ಜಮಖಂಡಿ ಕಡೆ ಇಂಥ ಹಾಡುಗಾರರ ದೊಡ್ಡ ಸಂತಿನ ನಡದೈತಿ. ಯಾರೋ ಒಬ್ಬರು ಪದಾ ಬರೀತಾರ, ಸಣ್ಣ ಪಟ್ಟಣದ ಸ್ಟುಡಿಯೋದಾಗ ಹಾಡಸ್ತಾರ, ಯೂಟ್ಯೂಬಿಗೆ ಬಿಡ್ತಾರ. ಥಂಬ್‌ನೇಲ್ ಮ್ಯಾಲೆ ಕಾರ್ಯಕ್ರಮಕ್ಕ ಕರೆಯೋ ಮೊಬೈಲ್ ನಂಬರ್ ಇರ್ತದ. ಮ್ಯಾನೇಜರ್ ಇಲ್ಲ, ಲೇಬಲ್ ಇಲ್ಲ. ಪ್ರಚಾರ ಮಾಡೋದು ಕಬ್ಬಿನ ಟ್ರ್ಯಾಕ್ಟರ್.

ಸದಾಶಿವನಗರದಾಗ ಬಾಡಿಗಿ ರೂಮು, ಪಿಜಿ ಭಾಳ. ಸಂಜಿ ಮುಂದ ನಮ್ಮ ಓಣ್ಯಾಗ ನಡಕೋಂತ ಹೋದ್ರ ಒಂದ ಕಿಟಕಿಂದ ಮರಾಠಿ, ಮುಂದಿನ ಕಿಟಕಿಂದ ಹಿಂದಿ, ಅದರ ಮುಂದ ನಮ್ಮ ಜವಾರಿ ಜಾನಪದ. ಊರಿಂದ ಓದಾಕ ಬಂದ ಹುಡುಗರು ಬುತ್ತಿ ಜೋಡಿ ಹಾಡೂ ತಂದಿರ್ತಾರ. ನನಗ ಹೊಸಾ ಹಾಡು ಸಿಗೋದು ಹೆಚ್ಚಾಗಿ ಈ ಕಿಟಕಿಗಳಿಂದ. ಆದ್ರ ಹಾಡು ಸಿಕ್ಕರ ಹಾಡುಗಾರ ಸಿಕ್ಕಂಗ ಅಲ್ಲ. ಅದ ಇವತ್ತಿನ ವಿಷಯ.

2/5

ನಮ್ಮ ಅಜ್ಜನ ಊರು ಖಾನಾಪುರ ತಾಲೂಕಿನ್ಯಾಗ, ನಂದಗಡದ ಕಡೆ. ಸಂಗೊಳ್ಳಿ ರಾಯಣ್ಣನನ್ನ 1831ರ ಜನವರಿ 26ಕ್ಕ ಗಲ್ಲಿಗೇರಿಸಿದ ನಂದಗಡ. ರಾಯಣ್ಣನ ಕಥಿ ನಮ್ಮ ತನಕ ಬಂದಿದ್ದ ಹಾಡಿನ ಮ್ಯಾಲೆ ಕುಂತು. ಅಜ್ಜಂದು ಒಂದ ನಿಯಮ ಇತ್ತು: ಗೀಗೀ ಪದಾ ನಡದಾಗ ಕೊನೇ ನುಡಿ ಮುಗಿಯೂತನಕ ಯಾರೂ ಏಳಂಗಿಲ್ಲ. ಯಾಕಂದ್ರ ಕೊನೇ ನುಡಿಯೊಳಗ ಕವಿ ತನ್ನ ಊರು, ಗುರು, ದೇವರು, ಹೆಸರು ಹೇಳ್ತಾನ. "ಅದನ್ನ ಕೇಳದ ಎದ್ದು ಹೋದ್ರ ಉಂಡು ಕೈ ತೊಳೀದ ಹೋದಂಗ" ಅಂತಿದ್ದ.

ಇದು ಹಳೇ ಪದ್ಧತಿ. ಹಲಗಲಿ ಬೇಡರ ಲಾವಣಿ ನಮಗ ಎಸ್ಸೆಸ್ಸೆಲ್ಸಿ ಕನ್ನಡ ಪಠ್ಯದಾಗ ಇತ್ತು, ನೆನಪೈತಿ? 1857ರ ನಿಶ್ಶಸ್ತ್ರೀಕರಣದ ವಿರುದ್ಧ ಎದ್ದ ಮಂದಿಯ ಕಥಿ. ಅದರ ಕೊನಿಗೆ ಕುರ್ತಕೋಟಿ ಕಲ್ಮೇಶನ ಹೆಸರು ಬರ್ತದ. ಪರೀಕ್ಷಾಕ್ಕ ಅದನ್ನ ಬಾಯಿಪಾಠ ಮಾಡಿದ್ವಿ, ಅದೊಂದು ವಿಳಾಸ ಅಂತ ಯಾರೂ ಹೇಳಲಿಲ್ಲ. ಹಾಡು ಯಾವ ಊರಿನ ದೇವರ ಮುಂದ ಹುಟ್ಟಿತು ಅನ್ನೋ ಗುರುತು ಅದು.

ಕನಕದಾಸರ ಅಂಕಿತದಾಗ ಕಾಗಿನೆಲೆ ಐತಿ. ಶರೀಫಜ್ಜನ ಅಂಕಿತದಾಗ ಶಿಶುನಾಳ ಐತಿ. ಇಬ್ಬರದೂ ಇವತ್ತಿನ ಹಾವೇರಿ ಜಿಲ್ಲಾ. ಶರೀಫರು ತೀರಿಕೊಂಡಿದ್ದು 1889ರಾಗ. ಅವರ ಪದಾನ ಮೈಸೂರಿನ ರಘು ದೀಕ್ಷಿತ್ ಗಿಟಾರ್ ಹಾಕಿ 2008ರ ತಮ್ಮ ಮೊದಲ ಆಲ್ಬಮ್ಮಿನ್ಯಾಗ ಹಾಡಿದ್ರು. ವರ್ಷಗಟ್ಲೆ ಯಾವ ಕಂಪನೀನೂ ಕೈ ಹಿಡೀದ ಮ್ಯಾಲೆ ಹೊರಗ ಬಂದ ಆಲ್ಬಮ್ ಅದು. ಪದದ ಕೊನೆಯೊಳಗ ಊರಿನ ಹೆಸರು ಹೊಲದ ಇಟ್ಟಿದ್ದಕ್ಕ, ನೂರು ವರ್ಷ ದಾಟಿದ ಮ್ಯಾಲೂ, ಯಾರು ಹಾಡಿದ್ರೂ, ಇದು ಶಿಶುನಾಳದ್ದು ಅಂತ ಗೊತ್ತಾಗ್ತದ. ಯಾವ ಆ್ಯಪೂ ಬೇಕಾಗಿಲ್ಲ.

3/5

ಇದು ಬರೇ ನಮ್ಮ ಕಡಿ ಚಾಳಿ ಅಂತ ತಿಳ್ಕೊಂಡಿದ್ರ ಒಂದ ಚಂದನ ಸಂಗತಿ ಕೇಳ್ರಿ.

1902ರ ನವೆಂಬರಿನ್ಯಾಗ ಕಲ್ಕತ್ತಾದಾಗ ಗೌಹರ್ ಜಾನ್ ಅವರ ಹಾಡು ಮುದ್ರಣ ಆತು. ಭಾರತದ ಗ್ರಾಮಫೋನ್ ಕಾಲ ಶುರುವಾಗಿದ್ದೇ ಆ ದಿನಗಳಾಗ. ಒಂದ ಪ್ಲೇಟಿನ್ಯಾಗ ಹಿಡಿಸೋದು ಸುಮಾರು ಮೂರು ನಿಮಿಷ. ಹಾಡು ಮುಗದ ಕೂಡ್ಲೆ ಅವರು ಇಂಗ್ಲಿಷಿನ್ಯಾಗ ತಮ್ಮ ಹೆಸರು ಜೋರಾಗಿ ಹೇಳ್ತಿದ್ರು. ಪ್ಲೇಟ್ ತಯಾರಾಗೋದು ದೂರದ ಜರ್ಮನಿಯ ಹ್ಯಾನೋವರಿನ್ಯಾಗ. ಅಲ್ಲಿ ಕಾರ್ಖಾನಿಯವರಿಗೆ ಇದು ಯಾರ ದನಿ ಅಂತ ತಿಳೀಬೇಕಲ್ಲ, ಲೇಬಲ್ ಅಂಟಿಸಾಕ. ಗೌಹರ್ ಜಾನ್ ಕಡೀ ದಿನ ಕಳೆದಿದ್ದು ನಮ್ಮ ಮೈಸೂರಿನ್ಯಾಗ, ಅರಮನೆಯ ಕಲಾವಿದೆ ಆಗಿ. 1930ರ ಜನವರಿಯೊಳಗ ಅಲ್ಲೇ ತೀರಿಕೊಂಡ್ರು.

ಬ್ಯಾಂಡಿನವರೂ ಇದನ್ನ ಮಾಡ್ತಾರ. ಕೊನೇ ಹಾಡಿನ ನಡು ವಾದ್ಯ ಸಣ್ಣಗ ನಡದಿರ್ತದ, ಹಾಡುಗಾರ ಒಬ್ಬೊಬ್ಬರ ಹೆಸರು ಕೂಗ್ತಾನ: ಡ್ರಮ್ಸ್ ಇವ್ರು, ಬೇಸ್ ಇವ್ರು. ನಾವು ಚಪ್ಪಾಳಿ ಹೊಡೀತೀವಿ. ಅದೂ ಒಂಥರಾ ಕೊನೇ ನುಡಿನ.

ಈಗಿನ ಜಾನಪದ ಹಾಡುಗಾರರು ಇದನ್ನ ಬಿಟ್ಟಿಲ್ಲ. ಕೊನೇ ಚರಣದಾಗ ಬರೆದವರು ಯಾರು, ಹಾಡಿದವರು ಯಾರು, ಯಾವ ಊರು, ಗೆಳೆಯರ ಬಳಗ ಯಾವುದು, ಎಲ್ಲಾ ರಾಗಕ್ಕ ಕೂಡಿಸಿ ಹೇಳಿಬಿಡ್ತಾರ. ಎಷ್ಟೋ ಮಂದಿಗೆ ಊರ ಅಡ್ಡಹೆಸರು. ಮಾಳು ನಿಪನಾಳ ಅವರನ್ನ ನೋಡ್ರಿ. ನಿಪನಾಳ ನಮ್ಮ ಜಿಲ್ಲಾದ ರಾಯಬಾಗ ತಾಲೂಕಿನ ಹಳ್ಳಿ. ಅವರ ಆ ಡ್ರೈವರ್ ಹಾಡು ಮದವಿ, ಜಾತ್ರಿ, ಗಣಪತಿ ಡಾಲ್ಬಿ ಎಲ್ಲಾ ಕಡೆ ಬಾರಿಸ್ತು. 2025ರಾಗ ಅವರು ಬಿಗ್ ಬಾಸ್ ಮನಿ ಒಳಗ ಕಾಲಿಟ್ಟಾಗ ನಿಪನಾಳ ಅನ್ನೋ ಊರೂ ಅವರ ಜೋಡಿ ಒಳಗ ಹೋತು. ಕರ್ನಾಟಕದ ಮೂಲಿ ಮೂಲಿಗೂ ಆ ಹೆಸರು ಮುಟ್ಟಿತು. ಊರು ಹೆಸರಿನ್ಯಾಗ ಇರೋದಕ್ಕ ಇಷ್ಟು ತಾಕತ್ತು.

4/5

ಈಗ ತ್ರಾಸಿನ ಮಾತು.

ರೀಲ್ಸ್ ನಮ್ಮ ದೇಶಕ್ಕ ಬಂದಿದ್ದು 2020ರ ಜುಲೈದಾಗ, ಟಿಕ್‌ಟಾಕ್ ಬಂದ್ ಆದ ಬೆನ್ನಿಗೆ. ಆವಾಗ ಹದಿನೈದ ಸೆಕೆಂಡು. ಈಗ ಅದಕ್ಕಿಂತ ಉದ್ದಂದೂ ಹಾಕಬಹುದು. ಆದ್ರ ಓಡೋದು ಇನ್ನೂ ಆ ಹದಿನೈದ ಇಪ್ಪತ್ತ ಸೆಕೆಂಡಿನ ಪಲ್ಲವಿನ. ನಮ್ಮ ಹಾಡುಗಾರರ ಹೆಸರಿರೋದು ಕೊನೇ ನುಡಿಯೊಳಗ. ಕತ್ತರಿ ಬೀಳೋದೂ ಅಲ್ಲೇ.

ನಮ್ಮ ಕ್ಲಾಸಿನ್ಯಾಗ ಒಬ್ಬಾಂವ ಅದಾನ, ಹಳ್ಳಿಂದ ಬಂದು ರೂಮ್ ಮಾಡಿ ಓದ್ತಾನ. ಪದಾ ಬರೀತಾನ. ಸೂಟಿಯೊಳಗ ದುಡದ ರೊಕ್ಕದಾಗ ಒಂದ ಹಾಡು ರೆಕಾರ್ಡ್ ಮಾಡಿಸಿದ. ಕೊನೇ ನುಡಿಯೊಳಗ ತನ್ನ ಊರು, ಅವ್ವನ ಹೆಸರು ಎರಡೂ ಇಟ್ಟಿದ್ದ. ಒಂದ ದಿನ ಕ್ಯಾಂಟೀನ್ಯಾಗ ಯಾರದೋ ಫೋನಿನ್ಯಾಗ ಅವನ ಪಲ್ಲವಿ ಕೇಳ್ತು. ಯಾವುದೋ ಪೇಜಿನವರು ತುಂಡು ಮಾಡಿ ಹಾಕಿದ್ರು. ಕೆಳಗ "ಒರಿಜಿನಲ್ ಆಡಿಯೋ" ಅಂತ ಆ ಪೇಜಿನ ಹೆಸರ ಬರ್ತಿತ್ತು. ಅದರ ಮ್ಯಾಲೆ ನೂರಾರು ಮಂದಿ ಕುಣದಿದ್ರು. ಅವನ ಸ್ವಂತ ವಿಡಿಯೋಕ್ಕ ಆವತ್ತು ನಾಕನೂರ ವೀವ್ಸೂ ಇರಲಿಲ್ಲ.

ಅಂವ ಸಿಟ್ಟಾಗಲಿಲ್ಲ. "ಹಾಡರ ಮುಟ್ತಲ್ಲ ಬಿಡು" ಅಂದ. ಆಮ್ಯಾಲೆ ಚಹಾ ಆರೂತನಕ ಸುಮ್ಮ ಕುಂತ. ಸ್ವಲ್ಪ ಹೊತ್ತಿಗೆ ಮೆಲ್ಲಕ ಅಂದ: "ಅವ್ವನ ಹೆಸರು ಒಂದಿಷ್ಟು ಮಂದಿ ಕೇಳಬೇಕಿತ್ತು."

ಲೆಕ್ಕ ನೋಡ್ರಿ. ಯೂಟ್ಯೂಬಿನ್ಯಾಗ ಜಾಹೀರಾತಿನ ಪಾಲು ಬರಬೇಕಂದ್ರ ಒಂದ ದಾರಿ 1000 ಸಬ್‌ಸ್ಕ್ರೈಬರ್, ಜೋಡಿಗೆ 12 ತಿಂಗಳೊಳಗ 4000 ತಾಸಿನ ವೀಕ್ಷಣೆ. ಸ್ಪಾಟಿಫೈದಾಗ 2024ರಿಂದ, ಹಿಂದಿನ 12 ತಿಂಗಳಾಗ 1000 ಸಲ ಕೇಳದ ಹಾಡಿಗೆ ರಾಯಲ್ಟಿ ಲೆಕ್ಕಾನ ಇಲ್ಲ. ಅಂದ್ರ ಸಣ್ಣ ಹಾಡುಗಾರರಿಗೆ ಮೊದಲ ಸಾವಿರ ಮಂದಿನ ಬಂಡವಾಳ. ಆ ಸಾವಿರ ಮಂದಿ ಬರೋ ದಾರಿ ಹೆಸರು. ಹೆಸರು ಕತ್ತರಿಸಿದ್ರ ದಾರಿನ ಕತ್ತರಿಸಿದಂಗ.

ಕಾನೂನೂ ಹೆಸರನ್ನ ಬ್ಯಾರೇನ ನೋಡ್ತದ. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ಪ್ರಕಾರ, ಹಕ್ಕು ಮಾರಿಬಿಟ್ಟ ಮ್ಯಾಲೂ "ಇದು ನಾ ಬರೆದದ್ದು" ಅಂತ ಹೇಳೋ ಹಕ್ಕು ಬರೆದವರ ಕಡೇನ ಉಳೀತದ. 2012ರ ತಿದ್ದುಪಡಿ ಹಾಡಿದವರಿಗೂ ಇಂಥ ಹಕ್ಕು ಕೊಟ್ಟೈತಿ. ರೊಕ್ಕ ಕೈ ಬದಲಾಗಬಹುದು, ಹೆಸರು ಆಗಬಾರದು. ಅಜ್ಜನ ನಿಯಮಾನ ಕಾನೂನಿನ ಭಾಷಾದಾಗ ಬರದಂಗೈತಿ.

5/5

ಹಂಗಾರ ಹುಡುಕೋದು ಹೆಂಗ? ನಾ ಮಾಡೋದು ಹೇಳ್ತೀನಿ, ಸೇವ್ ಮಾಡಿಟ್ಕೊಳ್ರಿ.

ರೀಲಿನ್ಯಾಗ ಹಾಡು ಹಿಡಸ್ತಾ? ಅಲ್ಲೇ ನಿಲ್ಲಬ್ಯಾಡ್ರಿ. ಪಲ್ಲವಿಯ ನಾಕ ಶಬ್ದ ಯೂಟ್ಯೂಬಿನ್ಯಾಗ ಕನ್ನಡ ಅಕ್ಷರದಾಗ ಹಾಕ್ರಿ, ಸಿಗಲಿಲ್ಲಂದ್ರ ಇಂಗ್ಲಿಷ್ ಅಕ್ಷರದಾಗ ಎರಡ ಮೂರ ನಮೂನಿ ಬರದು ನೋಡ್ರಿ. ನಮ್ಮ ಊರಿನ ಹೆಸರನ್ನ ಒಬ್ಬೊಬ್ಬರು ಒಂದೊಂದು ಥರಾ ಬರೀತಾರ.

ಪೂರ್ತಿ ಹಾಡು ಸಿಕ್ಕರ ಕೊನೇ ನುಡಿ ತನಕ ಕೇಳ್ರಿ. ಊರು, ಹೆಸರು ಬರಕೊಳ್ರಿ. ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಹಾಳಿ ತುಂಬ ಇವ ಅದಾವ.

ವಿಡಿಯೋದ ಕೆಳಗ ಬರೆದದ್ದು ಓದ್ರಿ. ಸಾಹಿತ್ಯ ಯಾರು, ಸಂಗೀತ ಯಾರು, ಸ್ಟುಡಿಯೋ ಯಾವುದು ಇರ್ತದ. ಒಬ್ಬ ಛಲೋ ಸಾಹಿತಿ ಸಿಕ್ಕರ ಅವರ ಪದಾ ಹಾಡಿದ ಇನ್ನೂ ಐದಾರು ಮಂದಿ ಸಿಗ್ತಾರ. ಒಂದ ಸ್ಟುಡಿಯೋದ ಎಳಿ ಹಿಡದ್ರ ಒಂದ ತಾಲೂಕ ಸಿಗ್ತದ. ಆಲ್ಗರಿದಮ್ ಕೊಡೋದು ನೀವು ಮೊದಲ ಕೇಳಿದ್ದರಂಥಾದ್ದನ್ನ. ಈ ಎಳಿ ಕೊಡೋದು ನೀವು ಎಂದೂ ಕೇಳದ್ದನ್ನ.

ಸ್ಟೋರಿ ಹಾಕೋವಾಗ ಹಾಡುಗಾರರದ್ದು, ಬರೆದವರದ್ದು, ಊರಿಂದು, ಮೂರೂ ಹೆಸರು ಹಾಕ್ರಿ. ಮೂರು ಹೆಸರು ಟೈಪ್ ಮಾಡಾಕ ಹತ್ತ ಸೆಕೆಂಡ್ ಸಾಕು. ಜಾತ್ರ್ಯಾಗ ರಸಮಂಜರಿ ಇದ್ರ ಹೋಗಿ ಕುಂದರ್ರಿ, ಮುಗಿಯೂತನಕ. ಕಾರ್ಯಕ್ರಮ ಇಡೋ ಕಮಿಟಿಯೊಳಗ ನಿಮ್ಮ ಕಾಕಾನೋ ಮಾವನೋ ಇದ್ರ ಹೊಸಬರದ ಒಂದ ಹೆಸರು ಕಿವಿಗೆ ಹಾಕ್ರಿ. ಅಡ್ವಾನ್ಸ್ ಕೊಡೋದು ಅವರ ಕೈಯಾಗ ಐತಿ.

ಎಲ್ಲಾ ಹಾಡೂ ಛಲೋ ಇರ್ತಾವ ಅಂತ ನಾ ಹೇಳೂದಿಲ್ಲ. ಎಷ್ಟೋ ಹಾಡಿನ್ಯಾಗ ಹುಡುಗ್ಯಾರನ್ನ ಬೈಯೋದ ಬಂಡವಾಳ ಆಗೈತಿ, ಅವನ್ನ ನಾ ಅರ್ಧಕ್ಕ ಬಂದ್ ಮಾಡ್ತೀನಿ, ಕೊನೇ ನುಡಿ ಗಿನಿ ನುಡಿ ನೋಡೂದಿಲ್ಲ. ಆದ್ರ ಮನಸ್ಸಿಗೆ ಹಿಡಿಸಿದ ಹಾಡಿನ ಯಜಮಾನರ ಹೆಸರು ಗೊತ್ತಿರಲಿ. ಬೈಯಾಕರ ಹೊಗಳಾಕರ ಹೆಸರು ಬೇಕಲ್ಲ.

ಕಮೆಂಟಿನ್ಯಾಗ ಒಬ್ಬ ಹೊಸಾ ಹಾಡುಗಾರರ ಹೆಸರು ಬರೀರಿ. ಕನ್ನಡ, ಮರಾಠಿ, ಕೊಂಕಣಿ, ಯಾವುದಾದ್ರೂ ನಡೀತದ, ಬೆಳಗಾವಿ ಐತಿ ಇದು. ಒಂದ ಕರಾರು: ಹೆಸರಿನ ಜೋಡಿ ಊರೂ ಇರಬೇಕು. ಬಂದ ಹೆಸರನ್ನೆಲ್ಲಾ ಕೇಳಿ, ಮುಂದಿನ ಕಂತಿನ್ಯಾಗ ಐದು ಮಂದೀನ ನಿಮ್ಮ ಮುಂದ ಇಡ್ತೀನಿ.

#ಕೊನೇನುಡಿ #ನಮ್ಮಬೆಳಗಾವಿ #ಜವಾರಿಜಾನಪದ #ಹೊಸದನಿ #ಸದಾಶಿವನಗರ