ಔಡಲೆಣ್ಣೆಯ ಭಾನುವಾರ

ಭಾನುವಾರ ನಸುಕಿನಲ್ಲಿ ಅಡುಗೆಮನೆಯಿಂದ ಚಹಾದ ವಾಸನೆಯ ಬೆನ್ನಿಗೆ ಇನ್ನೊಂದು ಜಿಡ್ಡು ವಾಸನೆ ಬಂದರೆ ಮನೆಯ ಹುಡುಗರೆಲ್ಲ ಹಾಸಿಗೆಯಲ್ಲೇ ಮುದುಡಿಕೊಳ್ಳುತ್ತಿದ್ದರು. ಅದು ಔಡಲೆಣ್ಣೆ. ಮೈಸೂರು ಕಡೆಯವರ ಹರಳೆಣ್ಣೆಗೆ ರಾಯಚೂರು ಸೀಮೆಯಲ್ಲಿ ಆ ಹೆಸರು; ರುಚಿ ಮಾತ್ರ ಎಲ್ಲ ಕಡೆ ಒಂದೇ. ಸ್ಟೀಲ್ ಲೋಟದಲ್ಲಿ ಅರ್ಧ ಬಿಸಿ ಚಹಾ, ಅದರ ಮೇಲೆ ಬೆರಳು ದಪ್ಪದ ಎಣ್ಣೆ. ಚಹಾ ಕೆಳಗೇ ಉಳಿದು ಎಣ್ಣೆಯೇ ಮೊದಲು ತುಟಿಗೆ ಬರುತ್ತಿತ್ತು. ಎಂಟು ವರ್ಷದ ಒಬ್ಬ ಹುಡುಗ ಜೋಳದ ಚೀಲಗಳ ಸಂದಿಯಲ್ಲಿ ಅಡಗಿ ಕೂತು ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದ. ಅದೇ ಹುಡುಗ ಈಗ ಅರ್ಧ ತಲೆ ನರೆತು ಈ ಪ್ರಬಂಧ ಬರೆಯುತ್ತಿದ್ದಾನೆ.

"ಬೆಲ್ಲ ತಿಂದು ತಿಂದು ಹೊಟ್ಟ್ಯಾಗ ಹುಳ ಮಾಡ್ಕೊಂಡಾನ. ರಾತ್ರಿ ಕರಕರ ಹಲ್ಲು ಕಡಿತಾನ, ಕೇಳ್ಸಂಗಿಲ್ಲೇನು ನಿಮಗ?" ಎಂದು ಅಜ್ಜಿ ತೀರ್ಪು ಕೊಟ್ಟ ಮೇಲೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಹಲ್ಲು ಕಡಿಯುವುದು, ಮುಖದ ಮೇಲಿನ ಬಿಳಿ ಚಿಬ್ಬು, ಊಟಕ್ಕೆ ಕೂತಾಗಿನ ಹಟ, ಎಲ್ಲಕ್ಕೂ ಹುಳವೇ ಕಾರಣ. ಇಂದಿನ ವೈದ್ಯರು ಈ ಪಟ್ಟಿಯ ಬಹುಪಾಲನ್ನು ಒಪ್ಪುವುದಿಲ್ಲ. ಅವರು ಕೇಳುವುದೇ ಬೇರೆ: ಮಗು ಬಿಳಿಚಿಕೊಂಡಿದೆಯೇ, ಮಣ್ಣು ಬಳಪ ತಿನ್ನುತ್ತದೆಯೇ, ಪದೇ ಪದೇ ಹೊಟ್ಟೆನೋವು ಎನ್ನುತ್ತದೆಯೇ, ರಾತ್ರಿ ಕುಂಡಿ ತುರಿಸಿಕೊಳ್ಳುತ್ತದೆಯೇ? ಎಷ್ಟೋ ಸಲ ಇವು ಯಾವುವೂ ಇರುವುದಿಲ್ಲ. ಮಲಪರೀಕ್ಷೆಯಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ಮೊಟ್ಟೆ ಕಂಡಾಗಲೇ ಗುಟ್ಟು ರಟ್ಟಾಗುವುದು.

ಬೆಲ್ಲ ಪಾಪ, ನಿರಪರಾಧಿ. ಆದರೆ ಬೆಲ್ಲದ ಡಬ್ಬಿಗೆ ಹೋದ ಕೈ ಎಲ್ಲಿಂದ ಬಂದಿತ್ತು ಎಂದು ಅಜ್ಜಿ ಕೇಳಿದ್ದರೆ ಕೇಸು ಅಲ್ಲೇ ಮುಗಿಯುತ್ತಿತ್ತು. ಅದು ಬರುತ್ತಿದ್ದದ್ದು ಬೇಲಿ ಸಾಲಿನ ಮಣ್ಣಿನಲ್ಲಿ ಗೋಲಿ ಆಡಿ. ಊರೆಲ್ಲ ಬೆಳಗಾದರೆ ಚೊಂಬು ಹಿಡಿದು ಹೋಗುತ್ತಿದ್ದದ್ದೂ ಅದೇ ಬೇಲಿ ಸಾಲಿಗೆ.

ಔಡಲೆಣ್ಣೆ ಹುಳವನ್ನು ಕೊಲ್ಲುವುದಿಲ್ಲ; ಕರುಳನ್ನು ಕದಡಿ ಇದ್ದದ್ದನ್ನು ಹೊರಗೆ ದಬ್ಬುವುದಷ್ಟೇ ಅದರ ಕೆಲಸ. ಹುಡುಗನ ಹುಳ ಹೊರಬಿದ್ದದ್ದು ಕಾಂಪೌಂಡರ್ ಕೊಟ್ಟ ಪಿಪರಜೀನ್ ಸಿರಪ್ಪಿಗೆ. ಆ ಔಷಧಿ ಹುಳಕ್ಕೆ ಲಕ್ವ ಹೊಡೆಸುತ್ತದೆ. ಕರುಳಿನಲ್ಲಿ ಎದುರೀಜಿ ನಿಲ್ಲುವ ತ್ರಾಣ ಹೋಗಿ ಹುಳ ಜೀವಂತವಾಗಿಯೇ ಜಾರಿ ಬರುತ್ತದೆ. ಜಾಲಿ ಗಿಡದ ಮರೆಯಲ್ಲಿ ಕೂತಿದ್ದ ಹುಡುಗ ಹಿಂತಿರುಗಿ ನೋಡಿದ. ಗೇಣುದ್ದ, ಎರೆಹುಳದ ಗಾತ್ರ, ಆದರೆ ಮೈಮೇಲೆ ಉಂಗುರಗಳಿಲ್ಲ. ಹಾಲಿನ ಕೆನೆಗೆ ಚಿಟಿಕೆ ಕುಂಕುಮ ಬಿದ್ದಂಥ ಬಣ್ಣ, ಎರಡೂ ತುದಿ ಚೂಪು. ಒಂದು ತುದಿ ನಿಧಾನಕ್ಕೆ ಅಲ್ಲಾಡಿತು. ಚೊಂಬು ಅಲ್ಲೇ ಬಿಟ್ಟು, ಚಡ್ಡಿ ಕೈಯಲ್ಲಿ ಹಿಡಿದು ಅವನು ಓಡಿದ ಓಟವನ್ನು ಊರಿನವರು ಬಹಳ ದಿನ ನೆನೆಸಿಕೊಂಡು ನಕ್ಕರು.

"ನೋಡ್ದೇನು, ಔಡಲೆಣ್ಣಿ ಕೆಲಸ!" ಎಂದಳು ಅಜ್ಜಿ. ಸಿರಪ್ಪಿನ ಹೆಸರನ್ನು ಯಾರೂ ಎತ್ತಲಿಲ್ಲ.

ಹೆಣ್ಣು ಜಂತುಹುಳ ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಹೊರಬಿದ್ದ ಕೂಡಲೇ ಅಪಾಯಕಾರಿಯಲ್ಲ. ತೇವದ ನೆರಳು ಮಣ್ಣಿನಲ್ಲಿ ಎರಡು ಮೂರು ವಾರ ಮಾಗಬೇಕು. ಆಮೇಲೆ ಉಗುರಿನ ಸಂದಿಯಿಂದಲೋ ತೊಳೆಯದ ಮೂಲಂಗಿಯಿಂದಲೋ ಬಾಯಿಗೆ. ಕರುಳಿನಲ್ಲಿ ಮೊಟ್ಟೆಯೊಡೆದ ಮರಿ ಅಲ್ಲೇ ಕೂರಬಾರದೇ? ಇಲ್ಲ. ರಕ್ತದ ದಾರಿ ಹಿಡಿದು ಯಕೃತ್ತಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ಆಮೇಲೆ ಗಂಟಲಿಗೆ ಹತ್ತಿ, ಉಗುಳಿನ ಜೊತೆ ನುಂಗಿಸಿಕೊಂಡು ಮತ್ತೆ ಅದೇ ಕರುಳಿಗೆ. ಪಕ್ಕದೂರಿಗೆ ಕಾಶಿ ಸುತ್ತಿಕೊಂಡು ಹೋದ ಹಾಗೆ. ಜಪಾನಿನ ಕೊಯಿನೊ ಎಂಬ ವೈದ್ಯ 1922ರಲ್ಲಿ ಇದನ್ನು ತನ್ನ ಮೇಲೇ ಪರೀಕ್ಷಿಸಿದ. ಮನುಷ್ಯರ ಜಂತುಹುಳದ 2,000 ಮೊಟ್ಟೆ ನುಂಗಿದ. ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮು, ಕಫದಲ್ಲಿ ಮರಿಗಳು. ತಮ್ಮನಿಗೆ ಹಂದಿಯ ಜಂತುಹುಳದ ಮೊಟ್ಟೆ ನುಂಗಿಸಿದ್ದ. ಅಂಥ ಅಣ್ಣನಿಗಿಂತ ಔಡಲೆಣ್ಣೆಯ ಅಜ್ಜಿಯೇ ವಾಸಿ.

ಅಜ್ಜಿಗೆ ಹುಳದ ಮೇಲೆ ಅಷ್ಟು ಸಿಟ್ಟು ಯಾಕೆಂದು ಹುಡುಗನಿಗೆ ತಿಳಿದದ್ದು ತಡವಾಗಿ. ಕಾಲೊತ್ತುವಾಗ ಅವಳ ಎಡಪಾದದ ಗಂಟಿನ ಮೇಲೆ ನಾಣ್ಯದಗಲದ ಸುಕ್ಕುಗಟ್ಟಿದ ಕಲೆಯೊಂದು ಬೆರಳಿಗೆ ಸಿಗುತ್ತಿತ್ತು. "ನಾರುಹುಣ್ಣು ಆಗಿತ್ತಪ್ಪ" ಎನ್ನುತ್ತಿದ್ದಳು. ಉತ್ತರ ಕರ್ನಾಟಕದ ನಾರುಹುಣ್ಣು ಎಂದರೆ ಗಿನಿ ಹುಳ. ಪಾವಟಿಗೆ ಬಾವಿಗೆ ಇಳಿದು ನೀರು ತುಂಬಿಕೊಳ್ಳುವ ಊರುಗಳ ಕಾಯಿಲೆ. ನೀರಿನಲ್ಲಿ ಸೈಕ್ಲೋಪ್ಸ್ ಎಂಬ ಚುಕ್ಕೆಯಂಥ ಜೀವಿ, ಅದರ ಹೊಟ್ಟೆಯಲ್ಲಿ ಹುಳದ ಮರಿ. ಕುಡಿದ ಸುಮಾರು ಒಂದು ವರ್ಷಕ್ಕೆ ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಎರಡು ಮೊಳದವರೆಗಿನ ಬಿಳಿ ದಾರ ತಲೆ ಹಾಕುತ್ತದೆ. ಉರಿ ತಾಳದೆ ಕಾಲನ್ನು ಬಾವಿಗೆ ಇಳಿಬಿಟ್ಟರೆ ಲಕ್ಷಗಟ್ಟಲೆ ಮರಿಗಳನ್ನು ಅಲ್ಲೇ ಬಿಡುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಹರಿದರೆ ಕಾಲು ಬಾತು ಕೀವಾಗುತ್ತದೆ. ಅಜ್ಜಿ ಒಂದು ಬಿತ್ತನೆ ಹಂಗಾಮನ್ನು ಪೂರ್ತಿ ಪಡಸಾಲೆಯಲ್ಲಿ ಕೂತು, ಆ ಕಡ್ಡಿ ನೋಡುತ್ತ ಕಳೆದಿದ್ದಳು. ಸುಮಾರು 3,500 ವರ್ಷ ಹಳೆಯ ಈಜಿಪ್ಟಿನ ಈಬರ್ಸ್ ಪಪೈರಸ್ಸಿನಲ್ಲೂ ಇದೇ ಉಪಾಯವಿದೆ ಎನ್ನುತ್ತಾರೆ ವೈದ್ಯಚರಿತ್ರೆ ಬರೆಯುವವರು.

ಗಿನಿ ಹುಳಕ್ಕೆ ಇವತ್ತಿಗೂ ಮದ್ದಿಲ್ಲ, ಲಸಿಕೆಯಿಲ್ಲ. ಆದರೂ ಅದು ಭಾರತ ಬಿಟ್ಟು ಹೋಯಿತು. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೈಪಂಪು ಹಾಕಿಸಿದರು, ಸೈಕ್ಲೋಪ್ಸ್ ಸಾಯಲೆಂದು ನೀರಿಗೆ ಟೆಮಿಫಾಸ್ ಔಷಧಿ ಬೆರೆಸಿದರು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ ಎಂದು ಮನೆಮನೆಗೆ ಹೇಳಿಬಂದರು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು.

ಮದ್ದಿಲ್ಲದ ಹುಳ ಹೊರಟುಹೋಯಿತು. ಮದ್ದು ಪುಕ್ಕಟೆ ಸಿಗುವ ಜಂತುಹುಳ ಮಾತ್ರ ಮನೆ ಅಳಿಯನಂತೆ ಇನ್ನೂ ಕೂತಿದೆ. ಲೇಖಕನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಬಾವಿ ಊರಿಗೆ ಒಂದೋ ಎರಡೋ, ಗೋಡೆ ಎಬ್ಬಿಸಿದರಾಯಿತು. ಬೇಲಿ ಸಾಲು ಊರ ಸುತ್ತಲೂ ಇದೆ. ಶೌಚಾಲಯ ಕಟ್ಟಿಸಿ ಅದರೊಳಗೆ ಕುಳ್ಳು, ಕಟ್ಟಿಗೆ ಒಟ್ಟಿದ ಮನೆಗಳನ್ನು ಅವನೇ ಕಂಡಿದ್ದಾನೆ.

ಕೊಕ್ಕೆಹುಳಕ್ಕಂತೂ ಬಾಯಿಯೂ ಬೇಡ, ಬರಿಗಾಲು ಸಾಕು. 19ನೇ ಶತಮಾನದ ಕೊನೆಗೆ ಕೈರೋದಲ್ಲಿ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಮರಿಗಳಿದ್ದ ನೀರು ಚೆಲ್ಲಿತು. ಚರ್ಮ ಉರಿಯಿತು, ಕೆಂಪಾಯಿತು. ಮುಂದೆ ಅವನ ಮಲದಲ್ಲೇ ಕೊಕ್ಕೆಹುಳದ ಮೊಟ್ಟೆ ಕಂಡಿತು. ಈ ಹುಳ ಕರುಳಿಗೆ ಕಚ್ಚಿ ಹನಿಹನಿಯಾಗಿ ರಕ್ತ ಹೀರುತ್ತದೆ. ಬಸುರಿಯರ, ಮಕ್ಕಳ ರಕ್ತಹೀನತೆಯ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಅಪ್ಪ ಸಂತೆಯಿಂದ ತಂದ ಹವಾಯಿ ಚಪ್ಪಲಿ ಔಡಲೆಣ್ಣೆಗಿಂತ ದೊಡ್ಡ ಔಷಧಿಯಾಗಬಹುದಿತ್ತು, ಹುಡುಗ ಅದನ್ನು ಸವೆಯಬಾರದೆಂದು ಕೈಯಲ್ಲಿ ಹಿಡಿದು ನಡೆಯದಿದ್ದರೆ.

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಬಂದಿದೆ. 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ 400 ಮಿಲಿಗ್ರಾಂ ಅಲ್ಬೆಂಡಜೋಲ್. ಎರಡು ತುಂಬದ ಕೂಸಿಗೆ ಅರ್ಧ ಮಾತ್ರೆ, ಪುಡಿ ಮಾಡಿ. ಹುಷಾರಿಲ್ಲದ ಮಗುವಿಗೆ ಆ ದಿನ ಬೇಡ, ಬಸುರಿಗೆ ಮೊದಲ ಮೂರು ತಿಂಗಳು ಬೇಡ. ರಾತ್ರಿ ತುರಿಸುವ ದಾರದಂಥ ಹುಳವಾದರೆ ಮನೆಮಂದಿಯೆಲ್ಲ ಒಟ್ಟಿಗೆ ನುಂಗಿ, ಎರಡು ವಾರ ಬಿಟ್ಟು ಮತ್ತೊಮ್ಮೆ ನುಂಗಬೇಕು, ಹಾಸಿಗೆ ಬಟ್ಟೆ ಒಗೆಯಬೇಕು. ಹೊಟ್ಟೆ ಉಬ್ಬಿ ವಾಂತಿಯಲ್ಲಿ ಹುಳ ಬಂದರೆ ಮಾತ್ರೆಗೂ ಎಣ್ಣೆಗೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು. ಅಲ್ಬೆಂಡಜೋಲ್ ಕೆಲಸ ಮಾಡುವ ರೀತಿ ಓದಿದಾಗ ಲೇಖಕ ಒಬ್ಬನೇ ನಕ್ಕ: ಅದು ಹುಳಕ್ಕೆ ಸಕ್ಕರೆ ಹೀರಿಕೊಳ್ಳಲು ಬಿಡದೆ ಉಪವಾಸ ಕೆಡವುತ್ತದೆ. ಸಿಹಿಗೂ ಹುಳಕ್ಕೂ ನಂಟಿದೆ ಎಂದ ಅಜ್ಜಿಗೆ ಇದನ್ನು ಹೇಳಬೇಕಿತ್ತು.

ಕಳೆದ ಸಲ ಮಗಳು ಶಾಲೆಯಿಂದ ಬಂದವಳೇ ಮಾತ್ರೆ ಚೀಪಿದ ಕಥೆ ಹೇಳಿದಳು. ಸಿಹಿಯಾಗಿತ್ತಂತೆ, ಇನ್ನೊಂದು ಕೇಳಿದರೆ ಮೇಷ್ಟ್ರು ಕೊಡಲಿಲ್ಲವಂತೆ. ಅಪ್ಪ ತನ್ನ ಜಾಲಿ ಗಿಡದ ಕಥೆಯನ್ನು ಸ್ವಲ್ಪ ಬಣ್ಣ ಹಚ್ಚಿಯೇ ಹೇಳಿದ. ಮರುದಿನ ಬೆಳಿಗ್ಗೆ ಅವಳು ಸಂಡಾಸಿನಲ್ಲಿ ಬಹಳ ಹೊತ್ತು ಕೂತಳು. ಹೊರಬಂದಾಗ ಮುಖ ಬಾಡಿತ್ತು.

"ಅಪ್ಪಾ, ಏನೂ ಬರಲೇ ಇಲ್ಲ."