ಸಂಖ್ಯೆಗಳ ಕುಲಗೋತ್ರ

ಎಸ್ಸೆಸ್ಸೆಲ್ಸಿ ದಾಟಿದವರಿಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನೆನಪಾಗುವ ಪ್ರಶ್ನೆಯೊಂದಿದೆ: √2 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ. ಈ ಲೇಖಕರೂ ಅದನ್ನು ಬಾಯಿಪಾಠ ಮಾಡಿಯೇ ಪಾಸಾದವರು. ಈಗ ಮಗಳ ಸರದಿ. ಸಂಖ್ಯೆಗಳ ಪಟ್ಟಿ ಕೊಟ್ಟು ವಿಂಗಡಿಸು ಎಂದರೆ ಆಕೆ ವರ್ಗಮೂಲದ ಚಿಹ್ನೆ ಹೊತ್ತದ್ದನ್ನೆಲ್ಲ ಅಭಾಗಲಬ್ಧದ ಸಾಲಿಗೆ ತಳ್ಳುತ್ತಾಳೆ, √9 ಕೂಡ.

“ಒಳಗೆ ಇಣುಕಿ ನೋಡಮ್ಮ, ಅದು ಬರೀ ಮೂರು.”

“ಹಾಗಿದ್ರೆ ಮೂರು ಅಂತಲೇ ಕೊಡಬಹುದಿತ್ತಲ್ಲಪ್ಪ?”

ನ್ಯಾಯವಾದ ತಕರಾರೇ. ಆದರೆ ವೇಷ ನೋಡಿ ಸಂಖ್ಯೆಯ ಕುಲಗೋತ್ರ ಹೇಳಲು ಬರುವುದಿಲ್ಲ. 22ನ್ನು 7ರಿಂದ ಭಾಗಿಸುತ್ತ ಕೂತರೆ 3.142857142857… ಎಂದು ಮುಗಿಯುವುದೇ ಇಲ್ಲ. ಆದರೂ ಅವೇ ಆರು ಅಂಕಿಗಳು ಸರದಿ ತಪ್ಪದೆ ಮರಳುತ್ತವೆ. ಹೀಗೆ ಮರಳಿದರೂ ಭಾಗಲಬ್ಧ, ನಡುವೆ ನಿಂತರೂ ಭಾಗಲಬ್ಧ. ನಿಲ್ಲದೆ, ಮರಳದೆ ಓಡುವುದಷ್ಟೇ ಅಭಾಗಲಬ್ಧ. ಪೈ ಅಂಥದ್ದೆಂದು 1761ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿದ. ಶಾಲೆಯಲ್ಲಿ ಅದರ ಜಾಗಕ್ಕೆ ತಂದು ಕೂರಿಸುವ 22/7 ಮಾತ್ರ ಅಪ್ಪಟ ಭಾಗಲಬ್ಧ.

ಮಗಳು ಲೆಕ್ಕ ಬಿಡಿಸುವ ಎ4 ಹಾಳೆಯದ್ದೂ ಇದೇ ಕತೆ. ಉದ್ದಗಲಗಳ ಅನುಪಾತ √2 ಆದರೆ ಮಾತ್ರ ಹಾಳೆಯನ್ನು ನಡುವೆ ಮಡಚಿದರೂ ಆಕಾರ ಬದಲಾಗದು. ಸ್ಕೇಲ್ ಇಟ್ಟು ಅಳೆದರೆ 297 ಮಿ.ಮೀ. ಮತ್ತು 210 ಮಿ.ಮೀ. ಅಂದರೆ 99/70, ಅಥವಾ 1.41428…, √2 ಇರುವುದು 1.41421…. ಕತ್ತರಿಸುವ ಯಂತ್ರ ಭಾಗಲಬ್ಧಕ್ಕೇ ರಾಜಿಯಾಗಿದೆ. ಯಜ್ಞವೇದಿಕೆ ಕಟ್ಟಿದವರೂ ಹಾಗೇ ರಾಜಿಯಾದರು. ಚೌಕದ ಕರ್ಣಕ್ಕೆ ಬೌಧಾಯನ ಶುಲ್ಬಸೂತ್ರ ಕೊಡುವ ಭಿನ್ನರಾಶಿಗಳನ್ನು ಕೂಡಿ ಕಳೆದರೆ 577/408 ಆಗುತ್ತದೆ. ಐದು ದಶಮಾಂಶ ಸ್ಥಾನಗಳವರೆಗೆ ಸರಿ. ಹಗ್ಗ ಹಿಡಿದು ಅಳೆಯುವವರಿಗೆ ಅಷ್ಟು ಧಾರಾಳವಾಯಿತು.

ಭಾಗಲಬ್ಧ, ಅಭಾಗಲಬ್ಧ ಎಂಬ ಈ ಎರಡು ಕುಲ ಸೇರಿದರೆ ವಾಸ್ತವ ಸಂಖ್ಯೆಗಳು. ಅಲ್ಲಿಗೆ ಸಂಖ್ಯಾರೇಖೆ ಭರ್ತಿ. √−1 ಬಂದರೆ ಜಾಗವಿಲ್ಲ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ನೇರವಾಗಿಯೇ ಹೇಳಿದ: ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವೂ ಇಲ್ಲ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ಅಲ್ಲಾಡಿಲ್ಲ. 1545ರಲ್ಲಿ ಇಟಲಿಯ ಕಾರ್ಡಾನೊ, ಗುಣಲಬ್ಧ 40 ಬರುವಂತೆ ಹತ್ತನ್ನು ಎರಡು ಪಾಲು ಮಾಡಲು ಹೋಗಿ 5+√−15 ಮತ್ತು 5−√−15 ಎಂಬಲ್ಲಿಗೆ ಬಂದು ನಿಂತ. ಗುಣಿಸಿದರೆ ಸರಿಯಾಗಿ 40! ಆದರೂ ಸೂಕ್ಷ್ಮವಾದದ್ದು, ಉಪಯೋಗಕ್ಕಿಲ್ಲದ್ದು ಎಂದು ಕೈತೊಳೆದುಕೊಂಡ.

ವಿದ್ಯುತ್ತಿನ ಲೆಕ್ಕದಲ್ಲಿ ಉಪಯೋಗಕ್ಕೆ ಬರಲು ಅವಕ್ಕೆ ಮೂರೂವರೆ ಶತಮಾನ ಹಿಡಿಯಿತು. 1893ರಲ್ಲಿ ಎಂಜಿನಿಯರ್ ಸ್ಟೈನ್‌ಮೆಟ್ಸ್ ಎ.ಸಿ. ಕರೆಂಟಿನ ಲೆಕ್ಕಕ್ಕೆ √−1 ಬೆರೆತ ಇಂಥ ಸಂಕೀರ್ಣ ಸಂಖ್ಯೆಗಳನ್ನು ಹೂಡಿದ. ಬೆವರಿಳಿಸುತ್ತಿದ್ದ ಲೆಕ್ಕಗಳು ಸಾಮಾನ್ಯ ಬೀಜಗಣಿತವಾದವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಎ.ಸಿ. ಕರೆಂಟೇ. ಎಂಜಿನಿಯರುಗಳು ಮಾತ್ರ √−1ಕ್ಕೆ ಗಣಿತಜ್ಞರಂತೆ ‘ಐ’ ಬರೆಯದೆ ‘ಜೆ’ ಬರೆಯುತ್ತಾರೆ, ‘ಐ’ ಕರೆಂಟಿಗೆ ಮೀಸಲಲ್ಲವೇ! ಮನೆಯ ಪ್ಲಗ್ಗಿನ 230 ವೋಲ್ಟ್ ಏರಿಳಿಯುವಾಗ ಸುಮಾರು 325ರವರೆಗೆ ಹೋಗುತ್ತದೆ. ಅದು 230ರ √2 ಪಟ್ಟು.

ಇಷ್ಟಾಗಿ, ಐದು ಯಾವ ಕುಲದ್ದು? ಭಾಗಲಬ್ಧವೂ ಹೌದು, ವಾಸ್ತವವೂ ಹೌದು, ಸೊನ್ನೆ ‘ಐ’ ಕೂಡಿಸಿ ಬರೆದರೆ ಸಂಕೀರ್ಣವೂ ಹೌದು. ನಾಲ್ಕು ಆಯ್ಕೆ ಕೊಟ್ಟು ಒಂದಕ್ಕೆ ಮಾತ್ರ ಗುರುತು ಹಾಕಿ ಎನ್ನುವ ಪ್ರಶ್ನೆಪತ್ರಿಕೆಯವರು ದಯವಿಟ್ಟು ಇದನ್ನು ಗಮನಿಸಬೇಕು.